ಕ್ವೀನ್ಸ್‌ಟೌನ್‌ನಲ್ಲಿ ಎರಡು ಟರ್ಮಿನಲ್: ಪೆಸಿಫಿಕ್ ಆಡ್-ಆನ್ ಕೈಕೊಟ್ಟಾಗ ತಪ್ಪು ಹುಡುಕುವ ಬಗೆ

ಕಂಪ್ಯೂಟರ್‌ನ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ, ಅಂದರೆ ಸಿಮ್‌ನಲ್ಲಿ, ನ್ಯೂಜಿಲೆಂಡ್‌ನ ಆಕ್ಲೆಂಡ್‌ನಿಂದ ಹೊರಟ ನನ್ನ ಏರ್‌ಬಸ್ ಎ320 ಮೋಡ ದಾಟಿ ಕೆಳಗಿಳಿಯಿತು. ಕೆಳಗೆ ವಕಾಟಿಪು ಸರೋವರ. ಬಲಕ್ಕೆ ರಿಮಾರ್ಕಬಲ್ಸ್ ಬೆಟ್ಟಸಾಲು. ಎದುರಿಗೆ ಕ್ವೀನ್ಸ್‌ಟೌನ್‌ನ ರನ್‌ವೇ 05. ಹೊಸದಾಗಿ ದುಡ್ಡು ಕೊಟ್ಟು ಕೊಂಡ ವಿಮಾನ ನಿಲ್ದಾಣದ ಆಡ್-ಆನ್, ಅಂದರೆ ಸಿಮ್‌ಗೆ ಹೊರಗಿನಿಂದ ಸೇರಿಸುವ ಪ್ಯಾಕೇಜ್ ಅದು. ಹತ್ತಿರ ಹೋದಾಗ ಏನೋ ಸರಿಯಿಲ್ಲ ಅನ್ನಿಸಿತು. ರನ್‌ವೇ ಅಟ್ಟದ ಹಾಗೆ ನೆಲದಿಂದ ಮೇಲೆದ್ದಿತ್ತು. ಅದರ ಅಂಚಿನಲ್ಲಿ ಕಡಿದಾದ ಮಣ್ಣಿನ ಗೋಡೆ. ಇಳಿದು ಟರ್ಮಿನಲ್ ಕಡೆ ತಿರುಗಿದೆ. ಹೊಸ ಕಟ್ಟಡದ ಗಾಜಿನ ಗೋಡೆ ಸೀಳಿಕೊಂಡು ಇನ್ನೊಂದು ಕಟ್ಟಡದ ಛಾವಣಿ ಹೊರಗೆ ಇಣುಕುತ್ತಿತ್ತು.

ಆ ರಾತ್ರಿ ಆಡ್-ಆನ್ ಅಳಿಸಿ ಮತ್ತೆ ಹಾಕಿದೆ. ಸರಿಹೋಗಲಿಲ್ಲ. ಮರುದಿನ ಮತ್ತೆ ಅದನ್ನೇ ಮಾಡಿದೆ. ಮೂರನೇ ಸಂಜೆ ಸಮಾಧಾನವಾಗಿ ಕೂತು ನೋಡಿದಾಗ ಗೊತ್ತಾಯಿತು: ಅಲ್ಲಿದ್ದದ್ದು ಒಂದು ದೋಷ ಅಲ್ಲ, ಎರಡು. ಎರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಒಂದೇ ಜಾಗದಲ್ಲಿ ಒಟ್ಟಿಗೆ ಕಂಡಿದ್ದರಿಂದ ನಾನು ಅವನ್ನು ಒಂದೇ ಅಂದುಕೊಂಡಿದ್ದೆ.

ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಫಿಜಿ, ಸಮೋವಾ ಕಡೆ ಸಿಮ್‌ನಲ್ಲಿ ಹಾರುವ ಕನ್ನಡದವರಿಗೆ ಈ ತರಹದ ತೊಂದರೆ ಬಂದರೆ ಎಲ್ಲಿಂದ ಶುರು ಮಾಡಬೇಕು, ಯಾವ ಕ್ರಮದಲ್ಲಿ ಹೋಗಬೇಕು ಅನ್ನುವುದನ್ನು ಬರೆಯುತ್ತಿದ್ದೇನೆ. ನಾನು ಬಳಸುವುದು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020. 2024ರ ಆವೃತ್ತಿಯಲ್ಲಿ ಬದಲಾಗುವ ಕಡೆ ಹೇಳುತ್ತೇನೆ.

ಮೊದಲು ಬರೆದಿಟ್ಟುಕೊಳ್ಳಿ

ಏನನ್ನೂ ಅಳಿಸಬೇಡಿ. ಒಂದು ಹಾಳೆ ತೆಗೆದುಕೊಂಡು ಕಣ್ಣಿಗೆ ಕಂಡಿದ್ದನ್ನು ಒಂದೊಂದು ಸಾಲಾಗಿ ಬರೆಯಿರಿ. "ಕ್ವೀನ್ಸ್‌ಟೌನ್ ಕೆಟ್ಟಿದೆ" ಅಂತ ಬರೆದರೆ ಪ್ರಯೋಜನವಿಲ್ಲ. "ರನ್‌ವೇ ಎತ್ತರದಲ್ಲಿದೆ" ಒಂದು ಸಾಲು. "ಟರ್ಮಿನಲ್ ಎರಡು ಇವೆ" ಇನ್ನೊಂದು ಸಾಲು. "ಐಎಲ್‌ಎಸ್ (ರನ್‌ವೇಗೆ ದಾರಿ ತೋರಿಸುವ ರೇಡಿಯೊ ಸಂಕೇತ) ಸಿಗುತ್ತಿಲ್ಲ" ಮತ್ತೊಂದು. ಪ್ರತಿ ಸಾಲನ್ನೂ ಬೇರೆ ದೋಷ ಅಂತಲೇ ಹಿಡಿಯಿರಿ. ಕೊನೆಗೆ ಎರಡು ಸಾಲಿಗೆ ಒಂದೇ ಕಾರಣ ಸಿಕ್ಕರೆ ಒಳ್ಳೆಯದೇ. ಆದರೆ ಮೊದಲೇ ಅವನ್ನು ಸೇರಿಸಬೇಡಿ.

ಪಕ್ಕದಲ್ಲಿ ಇನ್ನೊಂದು ವಿಷಯ ಬರೆಯಿರಿ. ಕೊನೆಯ ಸಲ ಎಲ್ಲ ಸರಿಯಾಗಿದ್ದು ಯಾವಾಗ? ಆಮೇಲೆ ಏನೇನು ಸೇರಿಸಿದಿರಿ? ಸಿಮ್ ಅಪ್‌ಡೇಟ್ ಆಯಿತಾ? ನಾನಿದನ್ನು ಬರೆದಾಗ ಎರಡು ಹೆಸರು ಬಂದವು. ಒಂದು ಆ ಹೊಸ ನಿಲ್ದಾಣ. ಇನ್ನೊಂದು ಅದಕ್ಕೂ ಹತ್ತು ದಿನ ಮುಂಚೆ ಹಾಕಿದ್ದ, ದಕ್ಷಿಣ ದ್ವೀಪದ ಬೆಟ್ಟಗಳನ್ನು ಇನ್ನಷ್ಟು ಚೂಪಾಗಿ ತೋರಿಸುವ ಉಚಿತ ಮೆಶ್, ಅಂದರೆ ನೆಲದ ಎತ್ತರ-ತಗ್ಗಿನ ಮಾಹಿತಿ. ಎರಡನೆಯದು ನನಗೆ ಮರೆತೇಹೋಗಿತ್ತು.

ಇದು ನಿಜವಾಗಿ ದೋಷವೇ?

ಈ ಪ್ರಶ್ನೆಗೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಪೆಸಿಫಿಕ್ ಕಡೆಯ ನಿಲ್ದಾಣಗಳಲ್ಲಿ ದೋಷದ ಹಾಗೆ ಕಾಣುವ ಆದರೆ ದೋಷವಲ್ಲದ ಸಂಗತಿಗಳು ತುಂಬಾ ಇವೆ.

ಮೊದಲನೆಯದು ಕ್ವೀನ್ಸ್‌ಟೌನ್‌ನ ಐಎಲ್‌ಎಸ್. ಅದು ಸಿಗುವುದಿಲ್ಲ, ಏಕೆಂದರೆ ಅಲ್ಲಿ ಐಎಲ್‌ಎಸ್ ಇಲ್ಲವೇ ಇಲ್ಲ. ಸುತ್ತ ಬೆಟ್ಟ, ನೇರ ದಾರಿ ಇಲ್ಲ. ದೊಡ್ಡ ವಿಮಾನಗಳು ಅಲ್ಲಿಗೆ ಆರ್‌ಎನ್‌ಪಿ-ಎಆರ್ ವಿಧಾನದಲ್ಲಿ, ಉಪಗ್ರಹದ ನೆರವಿನಿಂದ, ಕಣಿವೆಯ ನಡುವೆ ಬಾಗುವ ದಾರಿ ಹಿಡಿದು ಬರುತ್ತವೆ. ಅದಕ್ಕೆ ಕಂಪನಿಗೂ ಪೈಲಟ್‌ಗೂ ಪ್ರತ್ಯೇಕ ಅನುಮತಿ ಬೇಕು. ಸಿಮ್‌ನಲ್ಲೂ ಎಲ್ಲ ವಿಮಾನದ ಕಂಪ್ಯೂಟರ್‌ಗೆ ಆ ಬಾಗಿದ ದಾರಿ ಓದಲು ಬರುವುದಿಲ್ಲ. ಹಾಗಾಗಿ ಪಟ್ಟಿಯಲ್ಲಿ ಅಪ್ರೋಚ್ (ಇಳಿಯುವ ದಾರಿ) ಕಾಣಲಿಲ್ಲ ಅಂತ ನಿಲ್ದಾಣದ ಆಡ್-ಆನ್ ಮೇಲೆ ಅನುಮಾನ ಬೇಡ. ಅದೇ ವಿಮಾನದಲ್ಲಿ ವೆಲ್ಲಿಂಗ್ಟನ್‌ಗೆ ಹೋಗಿ ನೋಡಿ. ಅಲ್ಲಿ 16, 34 ಎರಡೂ ಕಡೆ ಐಎಲ್‌ಎಸ್ ಇದೆ. ಅಲ್ಲಿ ಸಿಕ್ಕರೆ ನಿಮ್ಮ ರೇಡಿಯೊ, ನ್ಯಾವಿಗೇಷನ್ ಡೇಟಾ ಎರಡೂ ಸರಿ. ಅಲ್ಲೂ ಸಿಗಲಿಲ್ಲ ಅಂದರೆ ಡೇಟಾ ನೋಡಿ. ಏರಾಕ್ ಅನ್ನುವ ಈ ನ್ಯಾವಿಗೇಷನ್ ಡೇಟಾ 28 ದಿನಕ್ಕೊಮ್ಮೆ ಬದಲಾಗುತ್ತದೆ, ವರ್ಷಕ್ಕೆ ಸಾಮಾನ್ಯವಾಗಿ 13 ಸಲ. ವಿಮಾನದ ಡೇಟಾ ಒಂದು ತಿಂಗಳದ್ದು, ಸಿಮ್‌ನ ಡೇಟಾ ಎರಡು ವರ್ಷ ಹಿಂದಿನದು ಆದರೆ ಎರಡೂ ಒಂದಕ್ಕೊಂದು ಹೊಂದುವುದಿಲ್ಲ.

ಎರಡನೆಯದು ವೆಲ್ಲಿಂಗ್ಟನ್ ರನ್‌ವೇಯ ದಿಕ್ಕು. ರನ್‌ವೇ 34 ಅಂದರೆ 340 ಡಿಗ್ರಿ ಅಲ್ವಾ? ಮ್ಯಾಪ್‌ನಲ್ಲಿ ನೋಡಿದರೆ ಅದು ನೆಟ್ಟಗೆ ಉತ್ತರಕ್ಕೆ ನಿಂತಿರುತ್ತದೆ. ಆಡ್-ಆನ್ ಮಾಡಿದವರು ರನ್‌ವೇಯನ್ನು ತಿರುಗಿಸಿಬಿಟ್ಟಿದ್ದಾರೆ ಅನ್ನಿಸಬಹುದು. ಹಾಗೇನಿಲ್ಲ. ಅಲ್ಲಿ ದಿಕ್ಸೂಚಿ ತೋರಿಸುವ ಉತ್ತರ ನಿಜವಾದ ಉತ್ತರಕ್ಕಿಂತ ಸುಮಾರು 22 ಡಿಗ್ರಿ ಪೂರ್ವಕ್ಕಿದೆ. 340ಕ್ಕೆ 22 ಕೂಡಿಸಿ. 362, ಅಂದರೆ 2 ಡಿಗ್ರಿ. ಹೆಚ್ಚುಕಡಿಮೆ ನೇರ ಉತ್ತರ. ಗಾಳಿಯ ಲೆಕ್ಕದಲ್ಲೂ ಇದೇ ಗೊಂದಲ ಬರುತ್ತದೆ. ಮೆಟಾರ್ ಅನ್ನುವ ನಿಲ್ದಾಣದ ಹವಾಮಾನ ವರದಿಯಲ್ಲಿ ಗಾಳಿಯ ದಿಕ್ಕು ನಿಜ ಉತ್ತರದಿಂದ ಅಳೆದದ್ದು. ಟವರ್ ಹೇಳುವುದು ದಿಕ್ಸೂಚಿಯ ಉತ್ತರದಿಂದ. ಬೆಂಗಳೂರಿನಲ್ಲಿ ಹಾರುವಾಗ ಈ ವ್ಯತ್ಯಾಸ ಎಷ್ಟು ಚಿಕ್ಕದು ಅಂದರೆ ನಾವು ಗಮನಿಸುವುದೇ ಇಲ್ಲ. ನ್ಯೂಜಿಲೆಂಡ್‌ನಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ.

ಮೂರನೆಯದು ತಾರೀಖು. ಸಮೋವಾ 2011ರ ಡಿಸೆಂಬರ್ 30 ಅನ್ನು ಕ್ಯಾಲೆಂಡರ್‌ನಿಂದಲೇ ಬಿಟ್ಟು ದಿನರೇಖೆಯ ಈಚೆ ಕಡೆಗೆ ಬಂತು. ಪಕ್ಕದ ಅಮೆರಿಕನ್ ಸಮೋವಾ ಆಚೆಗೇ ಉಳಿಯಿತು. ಈಗ ಎರಡರ ಗಡಿಯಾರಕ್ಕೂ ಪೂರ್ತಿ 24 ಗಂಟೆ ಅಂತರ. ಆಪಿಯಾದಿಂದ ಪಾಗೊ ಪಾಗೊಗೆ ಹಾರಿದರೆ ನಿನ್ನೆಗೆ ಹೋಗಿ ಇಳಿಯುತ್ತೀರಿ. ಅದು ಸರಿಯಾದದ್ದೇ. ಇನ್ನೂ ಹಳೆಯ ಸಿಮ್ ಆದ ಎಫ್‌ಎಸ್‌ಎಕ್ಸ್ ಬಳಸುವವರು ನೆನಪಿಡಿ, ಅದು 2006ರಲ್ಲಿ ಬಂದದ್ದು. ಐದು ವರ್ಷ ಆದಮೇಲೆ ಆದ ಬದಲಾವಣೆ ಅದಕ್ಕೆ ಗೊತ್ತಿರುವುದಿಲ್ಲ.

ಫೋಲ್ಡರ್ ಒಳಗೆ ಇನ್ನೊಂದು ಫೋಲ್ಡರ್

ಆಡ್-ಆನ್ ಸಿಮ್‌ನಲ್ಲಿ ಕಾಣಿಸುವುದೇ ಇಲ್ಲ ಅಂದರೆ ನೋಡಬೇಕಾದ ಮೊದಲ ಜಾಗ ಇದು.

ಹೊರಗಿನ ಆಡ್-ಆನ್‌ಗಳನ್ನು ಇಡುವ ಕಮ್ಯುನಿಟಿ ಫೋಲ್ಡರ್ ತೆರೆಯಿರಿ. ಆಡ್-ಆನ್‌ನ ಹೆಸರಿರುವ ಫೋಲ್ಡರ್ ಮೇಲೆ ಎರಡು ಸಲ ಒತ್ತಿ ಒಳಗೆ ಹೋಗಿ. ಹೋದ ತಕ್ಷಣ ಎರಡು ಫೈಲ್ ಕಾಣಬೇಕು. ಒಂದು ಮ್ಯಾನಿಫೆಸ್ಟ್.ಜೇಸನ್, ಇನ್ನೊಂದು ಲೇಔಟ್.ಜೇಸನ್. ಅವು ಕಾಣದೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಮಾತ್ರ ಇದ್ದರೆ, ಜಿಪ್ ಬಿಚ್ಚುವಾಗ ಒಂದು ಪದರ ಜಾಸ್ತಿ ಸೇರಿಕೊಂಡಿದೆ. ಒಳಗಿನ ಫೋಲ್ಡರ್ ಅನ್ನು ಹೊರಗೆ ಎಳೆದು ನೇರವಾಗಿ ಕಮ್ಯುನಿಟಿಯಲ್ಲಿ ಇಡಿ. "ಆಡ್-ಆನ್ ಬರುತ್ತಿಲ್ಲ" ಅಂತ ನನ್ನನ್ನು ಕೇಳಿದ ಗೆಳೆಯರಲ್ಲಿ ಹೆಚ್ಚಿನವರಿಗೆ ಆಗಿದ್ದದ್ದು ಇಷ್ಟೇ.

ಕಮ್ಯುನಿಟಿ ಫೋಲ್ಡರ್ ಸರಿಯಾದದ್ದೇನಾ ಅಂತಲೂ ನೋಡಿ. ಸ್ಟೋರ್‌ನಿಂದ ಕೊಂಡವರಿಗೂ ಸ್ಟೀಮ್‌ನಿಂದ ಕೊಂಡವರಿಗೂ ಅದು ಇರುವ ಜಾಗ ಬೇರೆ. ಯೂಸರ್‌ಸಿಎಫ್‌ಜಿ ಅನ್ನುವ ಫೈಲ್ ಅನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕೊನೆಯಲ್ಲಿ ಇನ್‌ಸ್ಟಾಲ್ಡ್ ಪ್ಯಾಕೇಜಸ್ ಪಾತ್ ಅನ್ನುವ ಸಾಲು ಇರುತ್ತದೆ. ಅದರಲ್ಲಿ ಇರುವ ವಿಳಾಸವೇ ಸರಿಯಾದದ್ದು. 2020, 2024 ಎರಡೂ ಆವೃತ್ತಿ ಇರುವವರು ಇನ್ನೂ ಹುಷಾರಾಗಿರಿ. ಎರಡಕ್ಕೂ ಬೇರೆ ಬೇರೆ ಕಮ್ಯುನಿಟಿ ಫೋಲ್ಡರ್ ಇದೆ.

ಇನ್ನೊಂದು ಕಾರಣ ವಿಂಡೋಸ್‌ನ ಉದ್ದದ ಮಿತಿ. ಫೈಲ್‌ನ ಪೂರ್ತಿ ವಿಳಾಸ 260 ಅಕ್ಷರ ಹತ್ತಿರ ಬಂದರೆ ಕೆಲವು ಫೈಲ್‌ಗಳು ಜಿಪ್‌ನಿಂದ ಹೊರಗೆ ಬರುವುದೇ ಇಲ್ಲ. ಸ್ಟೋರ್ ಆವೃತ್ತಿಯ ವಿಳಾಸ ಮೊದಲೇ ಉದ್ದ. ಆಡ್-ಆನ್ ಮಾಡಿದವರು ಹೆಸರನ್ನೂ ಉದ್ದ ಇಟ್ಟಿದ್ದರೆ ಕೆಲವು ಕಟ್ಟಡ ಬಂದು ಕೆಲವು ಬರದೇ ಇರಬಹುದು. ಡ್ರೈವ್‌ನ ಬುಡದಲ್ಲೇ ಚಿಕ್ಕ ಹೆಸರಿನ ಫೋಲ್ಡರ್ ಮಾಡಿ ಅಲ್ಲಿ ಬಿಚ್ಚಿ. ಎರಡೂ ಕಡೆ ಫೈಲ್ ಎಷ್ಟಿವೆ ಅಂತ ಎಣಿಕೆ ಹೋಲಿಸಿ.

ಖಾಲಿ ಮಾಡಿ ನೋಡಿ

ಫೋಲ್ಡರ್ ಸರಿ ಇದ್ದೂ ದೋಷ ಇದ್ದರೆ ಸಿಮ್ ಮುಚ್ಚಿ. ಕಮ್ಯುನಿಟಿ ಫೋಲ್ಡರ್‌ನ ಹೆಸರು ಬದಲಾಯಿಸಿ, ಅದೇ ಜಾಗದಲ್ಲಿ ಅದೇ ಹೆಸರಿನ ಖಾಲಿ ಫೋಲ್ಡರ್ ಮಾಡಿ. ಏನೂ ಅಳಿಸಿದ ಹಾಗಾಗುವುದಿಲ್ಲ. ಸಿಮ್ ಶುರು ಮಾಡಿ ಅದೇ ಜಾಗಕ್ಕೆ ಹೋಗಿ. ಅದೇ ಸಮಯ, ಅದೇ ಹವಾಮಾನ, ಅದೇ ವಿಮಾನ ಇರಲಿ. ಇವುಗಳಲ್ಲಿ ಒಂದನ್ನು ಬದಲಾಯಿಸಿದರೂ ಹೋಲಿಕೆ ಕೆಡುತ್ತದೆ. ಸಿಮ್ ಕ್ರ್ಯಾಶ್ ಆದಮೇಲೆ ಸೇಫ್ ಮೋಡ್‌ನಲ್ಲಿ ತೆರೆಯಲೇ ಅಂತ ಅದೇ ಕೇಳುತ್ತದಲ್ಲ, ಅದರಲ್ಲೂ ಕಮ್ಯುನಿಟಿಯ ಆಡ್-ಆನ್‌ಗಳು ಬರುವುದಿಲ್ಲ.

ಖಾಲಿ ಇದ್ದಾಗಲೂ ದೋಷ ಇದ್ದರೆ ಹುಡುಕಬೇಕಾದ್ದು ಸಿಮ್‌ನ ಒಳಗಿನ ಪ್ಯಾಕೇಜ್‌ಗಳಲ್ಲಿ, ಗ್ರಾಫಿಕ್ಸ್ ಡ್ರೈವರ್‌ನಲ್ಲಿ, ಅಥವಾ ಇಂಟರ್‌ನೆಟ್‌ನಿಂದ ಬರುವ ನೆಲದ ಚಿತ್ರದಲ್ಲಿ. ದೋಷ ಮಾಯವಾದರೆ ಕಳ್ಳ ಆ ಹಳೆಯ ಫೋಲ್ಡರ್ ಒಳಗೇ ಇದ್ದಾನೆ. ನನ್ನ ಕಂಪ್ಯೂಟರ್‌ನಲ್ಲಿ ಅಟ್ಟವೂ ಹೋಯಿತು, ಜೋಡಿ ಟರ್ಮಿನಲ್ಲೂ ಹೋಯಿತು.

ಅರ್ಧ ಅರ್ಧ ಮಾಡಿ ಹುಡುಕುವುದು

ನನ್ನ ಹತ್ತಿರ 48 ಆಡ್-ಆನ್ ಇದ್ದವು. ಒಂದೊಂದೇ ತೆಗೆದು ನೋಡಿದರೆ 48 ಸಲ ಸಿಮ್ ತೆರೆಯಬೇಕು. ಕಮ್ಯುನಿಟಿಯಲ್ಲಿ ಏನೇ ಬದಲಾಯಿಸಿದರೂ ಸಿಮ್ ಮುಚ್ಚಿ ತೆರೆಯಲೇಬೇಕು, ಒಂದೊಂದು ಸಲಕ್ಕೂ ನನಗೆ ಐದು ನಿಮಿಷ ಹಿಡಿಯುತ್ತದೆ. ಅರ್ಧ ಅರ್ಧ ಮಾಡಿದರೆ 64 ಇದ್ದರೂ ಆರು ಸುತ್ತಿನಲ್ಲಿ ಮುಗಿಯುತ್ತದೆ. ಅರ್ಧ ಹಾಕಿ, ನೋಡಿ. ದೋಷ ಬಂದರೆ ಆ ಅರ್ಧದಲ್ಲಿದೆ. ಬರದಿದ್ದರೆ ಇನ್ನೊಂದು ಅರ್ಧದಲ್ಲಿದೆ. ಸಿಕ್ಕ ಅರ್ಧವನ್ನು ಮತ್ತೆ ಅರ್ಧ ಮಾಡಿ. ಆಡ್‌ಆನ್ಸ್ ಲಿಂಕರ್ ಅನ್ನುವ ಉಚಿತ ಸಾಧನ ಇದ್ದರೆ ಫೋಲ್ಡರ್ ಎಳೆದಾಡುವ ಕೆಲಸವೂ ಇಲ್ಲ, ಟಿಕ್ ಹಾಕಿದರೆ ಆಯಿತು.

ಕೆಲವು ನಿಲ್ದಾಣಗಳಿಗೆ ಲೈಬ್ರರಿ ಪ್ಯಾಕೇಜ್ ಬೇಕು, ಅಂದರೆ ಮರ, ಗಾಡಿ, ದೀಪದ ಕಂಬ ಮುಂತಾದ ಹಂಚಿಕೊಂಡ ಮಾದರಿಗಳ ಸಂಗ್ರಹ. ಅದು ಇನ್ನೊಂದು ಅರ್ಧಕ್ಕೆ ಹೋದರೆ ಕಟ್ಟಡ ಕಾಣೆಯಾಗಿ ಹೊಸ ದೋಷ ಹುಟ್ಟಿದ ಹಾಗೆ ಕಾಣುತ್ತದೆ. ಹಾಗಾಗಿ ಲೈಬ್ರರಿಗಳನ್ನು ಎಲ್ಲ ಸುತ್ತಿನಲ್ಲೂ ಒಳಗೇ ಇಡಿ.

ನಾನು 24ರ ಎರಡು ಗುಂಪು ಮಾಡಿದೆ. ಮೊದಲ ಗುಂಪಿನಲ್ಲಿ ಕ್ವೀನ್ಸ್‌ಟೌನ್ ನಿಲ್ದಾಣ ಇತ್ತು. ಅದನ್ನು ಹಾಕಿದಾಗ ಟರ್ಮಿನಲ್ ಎರಡು ಕಂಡವು. ಆದರೆ ರನ್‌ವೇ ನೆಲಕ್ಕೆ ಸರಿಯಾಗಿ ಕೂತಿತ್ತು! ಎರಡನೇ ಗುಂಪು ಮಾತ್ರ ಹಾಕಿದೆ. ಎರಡೂ ದೋಷ ಇಲ್ಲ. ಹಾಗಾದರೆ ಅಟ್ಟ ಎಲ್ಲಿ ಹೋಯಿತು?

ಅರ್ಧ ಮಾಡುವ ವಿಧಾನ ಇಲ್ಲಿ ಹಲವರಿಗೆ ಕೈಕೊಡುತ್ತದೆ. ಎರಡು ಗುಂಪೂ ಸರಿ ಇದ್ದು, ಒಟ್ಟಿಗೆ ಇಟ್ಟಾಗ ಮಾತ್ರ ದೋಷ ಬಂದರೆ ಅದು ಒಬ್ಬನ ಕೆಲಸ ಅಲ್ಲ. ಒಂದೊಂದು ಗುಂಪಿನಿಂದ ಒಂದೊಂದು ಆಡ್-ಆನ್ ಸೇರಿ ಜಗಳ ಆಡುತ್ತಿವೆ ಅಂತ ಅರ್ಥ. ಆಗ ಮಾಡಬೇಕಾದ್ದು ಹೀಗೆ. ಒಂದು ಗುಂಪನ್ನು ಪೂರ್ತಿ ಒಳಗಿಟ್ಟು ಇನ್ನೊಂದನ್ನು ಮಾತ್ರ ಅರ್ಧ ಮಾಡುತ್ತಾ ಹೋಗಿ. ಅದರಲ್ಲಿ ಒಂದು ಸಿಕ್ಕಮೇಲೆ ಅದನ್ನು ಹಿಡಿದಿಟ್ಟುಕೊಂಡು ಮೊದಲ ಗುಂಪನ್ನು ಅರ್ಧ ಮಾಡಿ. ನನಗೆ ಒಂದು ಕಡೆಯ ಹೆಸರು ಗೊತ್ತೇ ಇತ್ತು, ಕ್ವೀನ್ಸ್‌ಟೌನ್ ನಿಲ್ದಾಣ. ಅದೊಂದನ್ನೇ ಒಳಗಿಟ್ಟು ಎರಡನೇ ಗುಂಪಿನ 12 ಸೇರಿಸಿದೆ. ಅಟ್ಟ ಬಂತು. ಆರಕ್ಕೆ ಇಳಿಸಿದೆ, ಹೋಯಿತು. ಉಳಿದ ಆರರಲ್ಲಿ ಮೂರು ಹಾಕಿದೆ, ಮತ್ತೆ ಬಂತು. ಆ ಮೂರರಲ್ಲಿ ಒಂದು ಆ ದಕ್ಷಿಣ ದ್ವೀಪದ ಮೆಶ್. ಅದನ್ನು ಮಾತ್ರ ಇಟ್ಟು ನೋಡಿದೆ. ರನ್‌ವೇ ಮತ್ತೆ ಅಟ್ಟ ಹತ್ತಿ ಕೂತಿತ್ತು.

ಎತ್ತರ ಅಳೆಯುವುದು

ಇಂತಹ ಕಡೆ ಕಣ್ಣಳತೆ ಸಾಲದು. ರನ್‌ವೇ ಮೇಲೆ ವಿಮಾನ ನಿಲ್ಲಿಸಿ. ಕೀಬೋರ್ಡ್‌ನಲ್ಲಿ ಬಿ ಒತ್ತಿದರೆ ಅಲ್ಲಿಯ ಗಾಳಿಯ ಒತ್ತಡಕ್ಕೆ ಆಲ್ಟಿಮೀಟರ್ (ಎತ್ತರ ತೋರಿಸುವ ಮಾಪಕ) ಹೊಂದಿಕೊಳ್ಳುತ್ತದೆ. ಈಗ ಅದು ತೋರಿಸುವ ಅಡಿಯನ್ನು ನಿಲ್ದಾಣದ ನಿಜವಾದ ಎತ್ತರದ ಜೊತೆ ಹೋಲಿಸಿ. ಕ್ವೀನ್ಸ್‌ಟೌನ್ 1,171 ಅಡಿ. ವೆಲ್ಲಿಂಗ್ಟನ್ ಸುಮಾರು 41. ಆಕ್ಲೆಂಡ್ 23. ಫಿಜಿಯ ನಾಡಿ 59. ಹತ್ತಿಪ್ಪತ್ತು ಅಡಿ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಚಾರ್ಟ್‌ನಲ್ಲಿ ಕೊಡುವುದು ಇಳಿಯುವ ಜಾಗದ ಅತಿ ಎತ್ತರದ ಬಿಂದು, ನೀವು ನಿಂತಿರುವ ತುದಿ ಅದಕ್ಕಿಂತ ತಗ್ಗಿನಲ್ಲಿ ಇರಬಹುದು.

ಅಳೆದಮೇಲೆ ಎರಡು ದಾರಿ ಕಾಣುತ್ತವೆ. ರನ್‌ವೇಯ ಎತ್ತರ ಸರಿಯಿದ್ದು ಸುತ್ತಲಿನ ನೆಲ ತಗ್ಗಿದ್ದರೆ ಅಥವಾ ಉಬ್ಬಿದ್ದರೆ ತಪ್ಪು ಮೆಶ್‌ನದು. ನೆಲ ಸರಿಯಿದ್ದು ರನ್‌ವೇಯೇ ಮೇಲಿದ್ದರೆ ತಪ್ಪು ನಿಲ್ದಾಣದ್ದು. ನನ್ನ ಲೆಕ್ಕದಲ್ಲಿ ರನ್‌ವೇ ಸರಿಯಾದ ಎತ್ತರದಲ್ಲೇ ಇತ್ತು. ನಿಲ್ದಾಣ ಮಾಡಿದವರು ಸಿಮ್‌ನ ಮೂಲ ನೆಲ ನೋಡಿಕೊಂಡು ತಮ್ಮ ಜಾಗವನ್ನು ಸಮತಟ್ಟು ಮಾಡಿದ್ದರು. ಮೆಶ್ ಬಂದು ಸುತ್ತಲಿನ ನೆಲವನ್ನು ಕೆಳಗಿಳಿಸಿತು. ಸಮತಟ್ಟು ಮಾಡಿದ ತುಂಡು ಮಾತ್ರ ಇದ್ದಲ್ಲೇ ಉಳಿಯಿತು. ಆ ಮಣ್ಣಿನ ಗೋಡೆ ಹುಟ್ಟಿದ್ದು ಹೀಗೆ.

ಆಡ್-ಆನ್ ಯಾವಾಗ ಮಾಡಿದ್ದು ಅನ್ನುವುದೂ ಇಲ್ಲಿ ಮುಖ್ಯ. ಆಸ್ಟ್ರೇಲಿಯಾದ ವರ್ಲ್ಡ್ ಅಪ್‌ಡೇಟ್ ಬಂದದ್ದು 2022ರ ಆರಂಭದಲ್ಲಿ, ನ್ಯೂಜಿಲೆಂಡ್‌ನದು 2023ರ ಆರಂಭದಲ್ಲಿ. ಇಂಥ ಅಪ್‌ಡೇಟ್‌ಗಳಲ್ಲಿ ನೆಲದ ಎತ್ತರದ ಮಾಹಿತಿಯೂ ಬದಲಾಗುತ್ತದೆ. ಅದಕ್ಕೂ ಹಿಂದೆ ಮಾಡಿ ಆಮೇಲೆ ಮುಟ್ಟದೇ ಬಿಟ್ಟ ನಿಲ್ದಾಣ ಇದ್ದರೆ, ಮೆಶ್ ಇಲ್ಲದೆಯೂ ಹೀಗಾಗಬಹುದು.

ಪರಿಹಾರಕ್ಕೆ ಮೊದಲು ಜಿಪ್ ಒಳಗೆ ಐಚ್ಛಿಕ ಫೋಲ್ಡರ್ ಇದೆಯಾ ನೋಡಿ. ನನ್ನದರಲ್ಲಿ ಇತ್ತು, ಬೇರೆ ಮೆಶ್ ಬಳಸುವವರಿಗಾಗಿಯೇ ಅಂತ ಬರೆದಿದ್ದರು. ಅದನ್ನು ಹಾಕಿದಮೇಲೆ ಗೋಡೆ ಹೋಗಿ ಇಳಿಜಾರು ಬಂತು. ಹಾಗೇನೂ ಸಿಗದಿದ್ದರೆ ಫೋಲ್ಡರ್‌ನ ಹೆಸರಿನ ಮುಂದೆ ಝಡ್ ಸೇರಿಸಿ ನಿಲ್ದಾಣವನ್ನು ಅಕ್ಷರ ಕ್ರಮದಲ್ಲಿ ಕೊನೆಗೆ ತಳ್ಳಿ ನೋಡಬಹುದು. ಕೆಲವು ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಅದೂ ಆಗದಿದ್ದರೆ ಮೆಶ್ ಮತ್ತು ನಿಲ್ದಾಣದಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನಾನಾದರೆ ನಿಲ್ದಾಣ ಇಟ್ಟುಕೊಳ್ಳುತ್ತೇನೆ. ಬೆಟ್ಟದ ತುದಿ ಸ್ವಲ್ಪ ಮೊಂಡಾದರೂ ನಡೆಯುತ್ತದೆ, ಇಳಿಯುವ ಜಾಗ ಸರಿ ಇರಬೇಕು.

ಜೋಡಿ ಟರ್ಮಿನಲ್

ಇದರ ಅರ್ಧ ಕಾರಣ ಕಮ್ಯುನಿಟಿಯ ಹೊರಗಿತ್ತು. ನಿಲ್ದಾಣದ ಆಡ್-ಆನ್ ಒಂದನ್ನೇ ಇಟ್ಟಾಗಲೂ ಟರ್ಮಿನಲ್ ಎರಡು ಕಂಡವು ಅಂದಮೇಲೆ, ಜಗಳ ಅದಕ್ಕೂ ಸಿಮ್‌ಗೂ ನಡುವೆ. ಕ್ವೀನ್ಸ್‌ಟೌನ್ ಸಾಮಾನ್ಯ ನಿಲ್ದಾಣ ಅಲ್ಲ. 2020ರ ಸಿಮ್ ಬಂದಾಗಲೇ ಕೈಯಿಂದ ಮಾಡಿದ ನಿಲ್ದಾಣಗಳ ಪಟ್ಟಿಯಲ್ಲಿ ಅದೂ ಇತ್ತು, ಸಿಡ್ನಿಯೂ ಇತ್ತು. ಇವಕ್ಕೆ ತಮ್ಮದೇ ಪ್ಯಾಕೇಜ್ ಇದೆ, ತಮ್ಮದೇ ಟರ್ಮಿನಲ್ ಇದೆ. ಹೊಸ ಆಡ್-ಆನ್ ಹಳೆಯ ಕಟ್ಟಡವನ್ನು ಪೂರ್ತಿ ಮುಚ್ಚದಿದ್ದರೆ ಎರಡೂ ಒಂದರೊಳಗೊಂದು ನಿಲ್ಲುತ್ತವೆ.

2020ರಲ್ಲಿ ಕಂಟೆಂಟ್ ಮ್ಯಾನೇಜರ್‌ಗೆ ಹೋಗಿ ಕ್ವೀನ್ಸ್‌ಟೌನ್ ಅಂತ ಹುಡುಕಿ ಸಿಮ್‌ನ ಸ್ವಂತ ಪ್ಯಾಕೇಜ್ ತೆಗೆಯಿರಿ. ಬೇಕಾದಾಗ ಅಲ್ಲೇ ಮತ್ತೆ ಡೌನ್‌ಲೋಡ್ ಆಗುತ್ತದೆ. 2024ರಲ್ಲಿ ಮೈ ಲೈಬ್ರರಿ ಅನ್ನುವ ಕಡೆ ನೋಡಿ. ತೆಗೆದಮೇಲೆ ರೋಲಿಂಗ್ ಕ್ಯಾಶ್ (ಇಂಟರ್‌ನೆಟ್‌ನಿಂದ ಬಂದ ಮಾಹಿತಿ ಉಳಿಸಿಡುವ ಫೈಲ್) ಅಳಿಸಿ ಸಿಮ್ ಮತ್ತೆ ತೆರೆಯಿರಿ. ಕ್ಯಾಶ್‌ನಲ್ಲಿ ಉಳಿದ ಹಳೆಯ ಮಾಹಿತಿ ಕೆಲವು ಸಲ ಹೋದ ದೋಷವನ್ನೇ ಮತ್ತೆ ತೋರಿಸಿ ದಾರಿ ತಪ್ಪಿಸುತ್ತದೆ.

ಕಟ್ಟಡ ಎರಡಿಲ್ಲ, ಆದರೆ ಕರಗಿದ ಮೇಣದ ಹಾಗೆ ಒಂದು ಮುದ್ದೆ ನಿಂತಿದೆ ಅಂದರೆ ಅದು ಫೋಟೊಗ್ರಾಮೆಟ್ರಿ, ಅಂದರೆ ಫೋಟೊಗಳಿಂದ ಕಟ್ಟಿದ ಆಕಾರ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿ ನೋಡಿದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಬಣ್ಣ ಬರದ ವಿಮಾನ

ನಿಲ್ದಾಣ ಸರಿಯಾದಮೇಲೆ ಏರ್ ನ್ಯೂಜಿಲೆಂಡ್ ಲೈವರಿ, ಅಂದರೆ ಆ ಕಂಪನಿಯ ಬಣ್ಣ-ಚಿತ್ರ, ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಬಿಳಿ ಮೈ, ಕಪ್ಪು ಬಾಲ, ಬಾಲದಲ್ಲಿ ಸುರುಳಿ ಸುತ್ತಿದ ಜರೀಗಿಡದ ಕುಡಿ. ಆ ಕಂಪನಿಯಲ್ಲಿ ಪೂರ್ತಿ ಕಪ್ಪು ವಿಮಾನಗಳೂ ಇವೆ. ಹಾಗಾಗಿ ವಿಮಾನ ಕಪ್ಪಗೆ ಬಂದರೆ ಮೊದಲು ಲೈವರಿಯ ಹೆಸರು, ಚಿತ್ರ ನೋಡಿ. ಮೈಮೇಲೆ ಬಿಳಿ ಜರೀ ಎಲೆ, ಅಕ್ಷರ ಕಂಡರೆ ಅದು ಇರಬೇಕಾದ ಕಪ್ಪು. ಏನೂ ಇಲ್ಲದೆ ಮಸಿ ಬಳಿದ ಹಾಗಿದ್ದರೆ ಟೆಕ್ಸ್ಚರ್ (ಮೈಮೇಲೆ ಹೊದಿಸುವ ಚಿತ್ರದ ಫೈಲ್) ಸಿಕ್ಕಿಲ್ಲ.

ಸಿಗದಿರಲು ಸಾಮಾನ್ಯವಾಗಿ ಎರಡು ಕಾರಣ. ಒಂದು, ಲೇಔಟ್.ಜೇಸನ್. ಆ ಫೈಲ್‌ನಲ್ಲಿ ಪ್ಯಾಕೇಜ್‌ನ ಪ್ರತಿ ಫೈಲ್‌ನ ಹೆಸರು, ಗಾತ್ರ ಬರೆದಿರುತ್ತದೆ. ಪಟ್ಟಿಯಲ್ಲಿ ಇಲ್ಲದ ಫೈಲ್ ಪಕ್ಕದಲ್ಲೇ ಇದ್ದರೂ ಸಿಮ್ ಅದನ್ನು ಓದುವುದಿಲ್ಲ. ನೀವು ಕೈಯಾರೆ ಏನಾದರೂ ಸೇರಿಸಿದ್ದರೆ ಲೇಔಟ್ ಜನರೇಟರ್ ಅನ್ನುವ ಚಿಕ್ಕ ಸಾಧನದ ಮೇಲೆ ಆ ಫೈಲ್ ಎಳೆದು ಬಿಡಿ, ಪಟ್ಟಿ ಹೊಸದಾಗುತ್ತದೆ. ಎರಡು, ತಪ್ಪು ವಿಮಾನ. ಸಿಮ್‌ನ ಮೂಲ ಎ320 ನಿಯೊಗೆ ಮಾಡಿದ ಲೈವರಿ ಫ್ಲೈಬೈವೈರ್ ತಂಡ ಮಾಡಿದ ಆಡ್-ಆನ್ ಎ320ಗೆ ಹಾಗೇ ಹೊಂದುವುದಿಲ್ಲ. ಏರ್‌ಕ್ರಾಫ್ಟ್.ಸಿಎಫ್‌ಜಿ ಫೈಲ್ ತೆರೆದು ಬೇಸ್ ಕಂಟೇನರ್ ಸಾಲು ಯಾವ ವಿಮಾನವನ್ನು ತೋರಿಸುತ್ತಿದೆ ನೋಡಿ. 2020ರ ಲೈವರಿಯನ್ನು 2024ರ ವಿಮಾನಕ್ಕೆ ಸುಮ್ನೆ ನಕಲು ಮಾಡಿ ಹಾಕಿದರೂ ಇದೇ ಕಥೆ.

ಸುದ್ದಿ ಹಳೆಯದಾದರೆ

"ಟ್ರಾಫಿಕ್ ಆಡ್-ಆನ್ ಸರಿಯಿಲ್ಲ, ಇರಬೇಕಾದ ವಿಮಾನ ಕಾಣುವುದಿಲ್ಲ, ಇರಬಾರದ್ದು ಕಾಣುತ್ತದೆ." ಈ ದೂರು ಬಂದಾಗ ಫೈಲ್‌ಗಿಂತ ಮೊದಲು ಸುದ್ದಿ ನೋಡಿ. ಸುತ್ತಮುತ್ತ ಬೇರೆ ಕಂಪನಿಗಳ ವಿಮಾನ ತೋರಿಸುವ ಈ ಆಡ್-ಆನ್‌ಗಳ ಒಳಗೆ ಇರುವುದು ಯಾವುದೋ ಒಂದು ದಿನದ ವೇಳಾಪಟ್ಟಿ. ಆಮೇಲೆ ಲೋಕ ಬದಲಾಗಿರುತ್ತದೆ.

ಸಿಡ್ನಿಯಲ್ಲಿ ಕ್ವಾಂಟಾಸ್‌ನ 747 ಸಾಲಾಗಿ ನಿಂತಿದ್ದರೆ ನಿಮ್ಮ ವೇಳಾಪಟ್ಟಿ 2020ರ ಜುಲೈಗಿಂತ ಹಿಂದಿನದು. ಆ ತಿಂಗಳು ಅವರ ಕೊನೆಯ 747 ಹೊರಟುಹೋಯಿತು. ನಮ್ಮ ಕೆಂಪೇಗೌಡ ನಿಲ್ದಾಣದಲ್ಲಿ ಕ್ವಾಂಟಾಸ್‌ನ ಎ330 ಕಾಣದಿದ್ದರೆ ಅದು 2022ರ ಸೆಪ್ಟೆಂಬರ್‌ಗಿಂತ ಹಿಂದಿನದು. ಬೆಂಗಳೂರು–ಸಿಡ್ನಿ ನೇರ ಹಾರಾಟ ಶುರುವಾದದ್ದು ಆಗ. ಅದೇ ತಿಂಗಳು ಏರ್ ನ್ಯೂಜಿಲೆಂಡ್‌ನ ಆಕ್ಲೆಂಡ್–ನ್ಯೂಯಾರ್ಕ್ ಕೂಡ ಶುರುವಾಯಿತು. ಆಸ್ಟ್ರೇಲಿಯಾದ ಬೋನ್ಜಾ ಕಂಪನಿಯ ವಿಮಾನಗಳು ಇನ್ನೂ ಹಾರುತ್ತಿದ್ದರೆ ಅದು 2023ರ ಜನವರಿಗೂ 2024ರ ಏಪ್ರಿಲ್‌ಗೂ ನಡುವಿನದು. ಆ ಕಂಪನಿ ಬದುಕಿದ್ದೇ ಅಷ್ಟು ಕಾಲ. ಏರ್ ವನುವಾಟುವಿನ 737 ಹಾರಾಟ 2024ರ ಮೇನಲ್ಲಿ ನಿಂತಿತು. ಆಸ್ಟ್ರೇಲಿಯಾದ ರೆಕ್ಸ್ ಕಂಪನಿಯ 737ಗಳು ಅದೇ ವರ್ಷ ಜುಲೈ ಕೊನೆಗೆ ನಿಂತವು, ಆದರೆ ಅವರ ಸಾಬ್ 340 ವಿಮಾನಗಳು ಚಿಕ್ಕ ಊರುಗಳಿಗೆ ಹಾರುತ್ತಲೇ ಇದ್ದವು. ಹಾಗಾಗಿ ರೆಕ್ಸ್ ಅನ್ನು ಪೂರ್ತಿ ಅಳಿಸಬೇಡಿ.

ಏರ್ ನ್ಯೂಜಿಲೆಂಡ್‌ನ ಎ321 ನಿಯೊ ಲೈವ್ ಟ್ರಾಫಿಕ್‌ನಲ್ಲಿ ಕಡಿಮೆ ಕಂಡ ಕಾಲವೂ ಇತ್ತು. ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್‌ನ ಲೋಹದ ಪುಡಿಯ ದೋಷ 2023ರಲ್ಲಿ ಹೊರಬಿದ್ದಮೇಲೆ ತಪಾಸಣೆಗಾಗಿ ಹಲವು ವಿಮಾನ ನೆಲದ ಮೇಲೇ ನಿಂತವು. ಹೀಗೆ ಒಂದೊಂದು ವಿಮಾನ ಹಿಡಿದು ನೋಡಿದರೆ ನಿಮ್ಮ ಟ್ರಾಫಿಕ್ ಪ್ಯಾಕ್ ಯಾವ ತಿಂಗಳದ್ದು ಅಂತ ಹತ್ತು ನಿಮಿಷದಲ್ಲಿ ಹೇಳಬಹುದು.

180 ಡಿಗ್ರಿ ದಾಟುವಾಗ

ನಾಡಿಯಿಂದ ಆಪಿಯಾಗೆ ದಾರಿ ಹಾಕಿದಾಗ ಹಾರಾಟದ ದಾರಿ ಹಾಕಿಕೊಡುವ ಒಂದು ಹಳೆಯ ಪ್ಲಾನರ್ ನನಗೆ ಭೂಮಿಯನ್ನೇ ಸುತ್ತುವ ಗೆರೆ ಎಳೆದು ತೋರಿಸಿತ್ತು. ನಾಡಿ ಇರುವುದು ಪೂರ್ವ ರೇಖಾಂಶ 177ರಲ್ಲಿ, ಆಪಿಯಾ ಪಶ್ಚಿಮ ರೇಖಾಂಶ 172ರಲ್ಲಿ. ನಡುವೆ 180 ದಾಟಬೇಕು. ಅಲ್ಲಿ ಅಂಕಿಯ ಚಿಹ್ನೆ ಬದಲಾಗುತ್ತದೆ.

ಪರೀಕ್ಷೆ ಸುಲಭ. ಒಟ್ಟು ದೂರ ನೋಡಿ. ನಾಡಿ–ಆಪಿಯಾ ಸುಮಾರು 650 ನಾಟಿಕಲ್ ಮೈಲಿ. ಪ್ಲಾನರ್ 20,000 ದಾಟಿಸಿದರೆ ಅದು ಆಫ್ರಿಕಾ ಮೇಲಿನಿಂದ ಸುತ್ತಿ ಬರುತ್ತಿದೆ. ನೀವೇ ಬರೆದ ವೇಪಾಯಿಂಟ್‌ಗಳಲ್ಲಿ ಪೂರ್ವ, ಪಶ್ಚಿಮ ಅದಲುಬದಲಾಗಿದೆಯಾ ಅಂತ ಮೊದಲು ನೋಡಿ. ಅವೆಲ್ಲ ಸರಿಯಿದ್ದೂ ಗೆರೆ ತಪ್ಪಾಗಿದ್ದರೆ ಅದೇ ಪ್ಲಾನ್ ಅನ್ನು ಸಿಮ್ ಒಳಗೆ ತೆರೆಯಿರಿ. ಅಲ್ಲಿ ನೇರ ಬಂದರೆ ತಪ್ಪು ಪ್ಲಾನರ್‌ನ ಚಿತ್ರದ್ದು ಮಾತ್ರ, ಹಾರಬಹುದು. ಅಲ್ಲೂ ಸುತ್ತಿ ಬಂದರೆ 180ರ ಆಚೀಚೆಗೆ ಎರಡು ತುಂಡು ಮಾಡಿ, ಎರಡನೆಯದನ್ನು ಗಾಳಿಯಲ್ಲಿದ್ದಾಗ ತುಂಬಿ.

ಮಾಡಿದವರಿಗೆ ಬರೆಯುವಾಗ

ಕೊನೆಗೆ ಆಡ್-ಆನ್ ಮಾಡಿದವರಿಗೇ ಬರೆಯಬೇಕಾಗಿ ಬಂದರೆ ಆ ಮೊದಲ ಹಾಳೆ ಕೆಲಸಕ್ಕೆ ಬರುತ್ತದೆ. ಇವರಲ್ಲಿ ಎಷ್ಟೋ ಜನ ಹಗಲು ಬೇರೆ ಕೆಲಸ ಮಾಡಿ ರಾತ್ರಿ ಕೂತು ಇದನ್ನು ಕಟ್ಟುವವರು. ಸಿಮ್‌ನ ಆವೃತ್ತಿ ಸಂಖ್ಯೆ, ಆಡ್-ಆನ್‌ನ ಆವೃತ್ತಿ ಸಂಖ್ಯೆ, ಖಾಲಿ ಕಮ್ಯುನಿಟಿಯಲ್ಲಿ ಏನಾಯಿತು, ಯಾವ ಎರಡು ಒಟ್ಟಿಗೆ ಇದ್ದಾಗ ದೋಷ ಬರುತ್ತದೆ, ನಿಂತ ಜಾಗದಲ್ಲಿ ಆಲ್ಟಿಮೀಟರ್ ಎಷ್ಟು ತೋರಿಸಿತು, ಒಂದು ಚಿತ್ರ. ನಾನು ಕಳಿಸಿದ್ದು ಇಷ್ಟೇ. ಮೂರನೇ ದಿನ ಉತ್ತರ ಬಂತು: ಹಳೆಯ ಟರ್ಮಿನಲ್ ಮುಚ್ಚುವ ಚೌಕವನ್ನು ಮುಂದಿನ ಆವೃತ್ತಿಯಲ್ಲಿ ದೊಡ್ಡದು ಮಾಡುತ್ತೇವೆ, ಅಲ್ಲಿಯವರೆಗೆ ಸಿಮ್‌ನ ಪ್ಯಾಕೇಜ್ ತೆಗೆದೇ ಇಟ್ಟಿರಿ.